ಪಾದದ ಕೀಲಿನ ಉಳುಕು

ಪಾದದ ಕೀಲಿನ ಉಳುಕು ಎಂದರೆ ಕಾಲು ಮತ್ತು ಪಾದ ಸೇರುವಲ್ಲಿ ಮೂಳೆಗಳನ್ನು ಬಿಗಿದು ಹಿಡಿಯುವ ಅಸ್ಥಿರಜ್ಜುಗಳು ಅತಿಯಾಗಿ ಹಿಗ್ಗಿ ಅಥವಾ ಹರಿದು ಆಗುವ ಗಾಯ. ಈ ಕೀಲಿಗೆ ಕಣಕಾಲು, ಹರಡು ಎಂಬ ಹೆಸರುಗಳೂ ಇವೆ. ಮೂಳೆ ಮುರಿದಾಗಲೂ ಇದೇ ಬಗೆಯ ನೋವು ಮತ್ತು ಊತ ಕಾಣಿಸುವುದರಿಂದ, ಮುರಿತದ ಸಾಧ್ಯತೆಯನ್ನು ಪರಿಶೀಲಿಸುವುದು ಶುಶ್ರೂಷೆಯ ಮೊದಲ ಹೆಜ್ಜೆಯಾಗಿದೆ.

ಕಾರಣಗಳು
ಪಾದವು ಹಠಾತ್ತನೆ ಒಳಮುಖವಾಗಿ ಹೊರಳಿದಾಗ ಕೀಲಿನ ಹೊರಬದಿಯ ರಜ್ಜುಗಳಿಗೆ ಪೆಟ್ಟು ಬೀಳುವುದು ಹೆಚ್ಚು ಸಾಮಾನ್ಯ. ಕಬಡ್ಡಿ, ಕೊಕ್ಕೊ, ವಾಲಿಬಾಲ್‌ನಂತಹ ಆಟಗಳು, ತಗ್ಗುದಿಣ್ಣೆಯ ದಾರಿ, ಬೇಸಿಗೆಯಲ್ಲಿ ಬಿರುಕು ಬಿಡುವ ಎರೆ ಹೊಲಗಳಲ್ಲಿನ ನಡಿಗೆ ಇದಕ್ಕೆ ಕಾರಣವಾಗಬಹುದು. ಹಿಂದೊಮ್ಮೆ ಉಳುಕಿದ ಕೀಲು ಮತ್ತೆ ಉಳುಕುವ ಸಂಭವ ಹೆಚ್ಚು.

ತೀವ್ರತೆ
* ಮೊದಲ ಹಂತ: ರಜ್ಜು ಹಿಗ್ಗಿರುತ್ತದೆ, ಊತ ಅಲ್ಪ, ನಡೆಯಲು ಸಾಧ್ಯ.
* ಎರಡನೆಯ ಹಂತ: ರಜ್ಜು ಭಾಗಶಃ ಹರಿದಿರುತ್ತದೆ, ಊತ, ಕಂದುಗಟ್ಟುವಿಕೆ, ನಡೆಯುವಾಗ ನೋವು.
* ಮೂರನೆಯ ಹಂತ: ರಜ್ಜು ಪೂರ್ಣ ಹರಿದು ಕೀಲು ಸಡಿಲಗೊಂಡಿರುತ್ತದೆ.

ಶುಶ್ರೂಷಾ ಪರಿಶೀಲನೆ
ಗಾಯ ಹೇಗಾಯಿತು, ಆ ಕ್ಷಣದಲ್ಲಿ ಹೆಜ್ಜೆ ಇಡಲಾಯಿತೇ, ಹಿಂದೆ ಉಳುಕಿತ್ತೇ, ಮಧುಮೇಹ ಇದೆಯೇ ಎಂದು ವಿಚಾರಿಸಲಾಗುತ್ತದೆ. ಎರಡೂ ಕಾಲುಗಳನ್ನು ಹೋಲಿಸಿ ಊತ ಮತ್ತು ಆಕಾರವನ್ನು ನೋಡಬೇಕು. ಪಾದದ ಮೇಲಿನ ನಾಡಿ, ಬೆರಳುಗಳ ಬಣ್ಣ, ಬಿಸುಪು, ಸ್ಪರ್ಶಜ್ಞಾನ ಮತ್ತು ಚಲನೆಯನ್ನು ದಾಖಲಿಸಬೇಕು.

ಎಕ್ಸ್-ರೇ ಬೇಕೇ ಎಂಬುದನ್ನು ನಿರ್ಧರಿಸಲು ಕೆನಡಾದ ಆಟವಾದಲ್ಲಿ ರೂಪುಗೊಂಡು 1992ರಲ್ಲಿ ಪ್ರಕಟವಾದ ಆಟವಾ ನಿಯಮಗಳನ್ನು ಬಳಸಲಾಗುತ್ತದೆ. ಕೀಲಿನ ಅಥವಾ ಪಾದದ ನಡುಭಾಗದ ನೋವಿನ ಜೊತೆಗೆ ಈ ಕೆಳಗಿನವುಗಳಲ್ಲಿ ಒಂದಿದ್ದರೂ ಎಕ್ಸ್-ರೇ ಅಗತ್ಯ:
* ಕೀಲಿನ ಒಳ ಅಥವಾ ಹೊರ ಬದಿಯ ಮೂಳೆಯ ಉಬ್ಬಿನ ತುದಿಯನ್ನು, ಇಲ್ಲವೇ ಅದರ ಹಿಂಬದಿಯ ಅಂಚಿನ ಕೆಳಗಿನ 6 ಸೆಂ.ಮೀ. ಭಾಗವನ್ನು ಒತ್ತಿದಾಗ ನೋವು
* ಕಿರುಬೆರಳಿನ ನೇರಕ್ಕಿರುವ ಪಾದದ ಮೂಳೆಯ ಬುಡದಲ್ಲಿ ಅಥವಾ ಪಾದದ ಒಳಬದಿಯ ದೋಣಿಯಾಕಾರದ ಮೂಳೆಯ ಮೇಲೆ ಒತ್ತಿದಾಗ ನೋವು
* ಗಾಯವಾದ ಕೂಡಲೇ ಮತ್ತು ಪರೀಕ್ಷೆಯ ವೇಳೆಯಲ್ಲಿ, ಎರಡೂ ಸಲ, ನಾಲ್ಕು ಹೆಜ್ಜೆ ನಡೆಯಲಾಗದಿರುವುದು

ಈ ಯಾವ ಲಕ್ಷಣವೂ ಇಲ್ಲದಿದ್ದರೆ ಮುರಿತದ ಸಂಭವ ಬಹಳ ಕಡಿಮೆ. ಚಿಕ್ಕ ಮಕ್ಕಳು, ಮದ್ಯದ ಅಮಲಿನಲ್ಲಿರುವವರು ಮತ್ತು ಪಾದದ ಸ್ಪರ್ಶಜ್ಞಾನ ಕುಂದಿದವರ ವಿಷಯದಲ್ಲಿ ಈ ನಿಯಮಗಳನ್ನೇ ನೆಚ್ಚುವಂತಿಲ್ಲ.

ಆರೈಕೆ
ಮೊದಲ ಎರಡು ಮೂರು ದಿನ ಕಾಲಿಗೆ ವಿಶ್ರಾಂತಿ ನೀಡಿ, ಹೃದಯದ ಮಟ್ಟಕ್ಕಿಂತ ಎತ್ತರದಲ್ಲಿ ಇರಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದು ಸಲಕ್ಕೆ 15ರಿಂದ 20 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ, ಬೆರಳುಗಳ ತುದಿ ಕಾಣುವಂತೆ ಸುತ್ತಲಾಗುತ್ತದೆ. ಬೆರಳುಗಳು ನೀಲಿಗಟ್ಟಿದರೆ, ತಣ್ಣಗಾದರೆ ಅಥವಾ ಜೋಮು ಹಿಡಿದರೆ ಕೂಡಲೇ ಸಡಿಲಿಸಬೇಕು. ನೋವಿಗೆ ವೈದ್ಯರ ಸಲಹೆಯಂತೆ ಪ್ಯಾರಸಿಟಮಾಲ್ ಮುಂತಾದವನ್ನು ನೀಡಲಾಗುತ್ತದೆ.

ಗ್ರಾಮೀಣ ಸಂದರ್ಭ
ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸುರೇಬಾನದಂತಹ ಊರುಗಳ ಸುತ್ತಮುತ್ತ ಉಳುಕು ತೆಗೆಸುವ, ಅಂದರೆ ಎಣ್ಣೆ ಹಚ್ಚಿ ತಿಕ್ಕಿಸಿ ಎಳೆಸುವ ರೂಢಿಯಿದೆ. ಗಾಯ ಹೊಸದಿರುವಾಗ ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಮತ್ತು ಊತ ಹೆಚ್ಚಬಹುದು. ಮುರಿತವಿದ್ದರೆ ಮೂಳೆ ಸ್ಥಾನ ಪಲ್ಲಟಗೊಳ್ಳಬಹುದು. ಎಕ್ಸ್-ರೇ ಸೌಲಭ್ಯ ಹತ್ತಿರದಲ್ಲಿ ಇಲ್ಲದ ಕಡೆ, ಯಾರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕೆಂದು ನಿರ್ಧರಿಸಲು ಮೇಲಿನ ಪರಿಶೀಲನೆ ನೆರವಾಗುತ್ತದೆ. ಕೀಲು ವಕ್ರವಾಗಿದ್ದರೆ, ಗಾಯ ತೆರೆದಿದ್ದರೆ ಅಥವಾ ಪಾದ ತಣ್ಣಗಾಗಿ ಬಿಳುಚಿದ್ದರೆ, ಕಾಲನ್ನು ಅಲುಗದಂತೆ ಕಟ್ಟಿ 108 ಆಂಬುಲೆನ್ಸ್ ಕರೆಯಬೇಕು.

ಚೇತರಿಕೆ
ಸೌಮ್ಯ ಉಳುಕು ಒಂದರಿಂದ ಮೂರು ವಾರಗಳಲ್ಲಿ ವಾಸಿಯಾಗುತ್ತದೆ. ತೀವ್ರ ಉಳುಕಿಗೆ ತಿಂಗಳುಗಳು ಬೇಕಾಗಬಹುದು. ನೋವು ತಗ್ಗಿದಂತೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಬಳಿಕ ಆಸರೆಯ ಬಳಿ ಒಂಟಿ ಕಾಲಿನಲ್ಲಿ ನಿಲ್ಲುವುದು ಮುಂತಾದ ವ್ಯಾಯಾಮಗಳನ್ನು ಕಲಿಸಲಾಗುತ್ತದೆ. ಇವು ಕೀಲಿನ ಸಮತೋಲನವನ್ನು ಮರಳಿಸಿ, ಮತ್ತೆ ಉಳುಕುವುದನ್ನು ಕಡಿಮೆ ಮಾಡುತ್ತವೆ. ಐದಾರು ದಿನಗಳ ನಂತರವೂ ಕಾಲೂರಲು ಆಗದಿದ್ದರೆ ಮರುಪರೀಕ್ಷೆ ಅಗತ್ಯ.