ಅಮೆರಿಕದ ಅಂತರ್ಯುದ್ಧದ ಸೇನಾ ದಾಖಲೆಗಳು ಮತ್ತು ಪೂರ್ವಿಕರ ಶೋಧ

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಹೋರಾಡಿದ ಪೂರ್ವಿಕರನ್ನು ಸರ್ಕಾರಿ ಕಾಗದಪತ್ರಗಳ ಮೂಲಕ ಹುಡುಕುವ ಕೆಲಸ ಆ ದೇಶದಲ್ಲಿ ನೂರು ವರ್ಷಕ್ಕೂ ಹಳೆಯದು. ಉತ್ತರದ ಒಕ್ಕೂಟ ಪಡೆಯಲ್ಲೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ನಮ್ಮ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಒಪ್ಪಿಸುತ್ತಾರೆ. ಅಲ್ಲಿ ಆ ಕೆಲಸ ಯುದ್ಧ ಇಲಾಖೆಯ ಗುಮಾಸ್ತರ ಪಾಲಿಗೆ ಬಂತು. ಅವರಿಗೆ ಯಾರ ವಂಶಾವಳಿಯೂ ಬೇಕಿರಲಿಲ್ಲ. ಪಿಂಚಣಿ ಕೇಳಿ ಬಂದವನು ನಿಜವಾಗಿಯೂ ಸೈನಿಕನಾಗಿದ್ದನೇ ಎಂದು ತಾಳೆ ನೋಡಬೇಕಿತ್ತು, ಅಷ್ಟೇ. ಈ ದಾಖಲೆಗಳ ಸ್ವರೂಪವೆಲ್ಲ ಆ ಅನುಮಾನದಿಂದಲೇ ರೂಪುಗೊಂಡದ್ದು.

ಯುದ್ಧಕಾಲದಲ್ಲಿ ಪ್ರತಿ ಕಂಪನಿಯೂ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಸಂಬಳಕ್ಕಾಗಿ ಮಸ್ಟರ್ ರೋಲ್ ಬರೆಯುತ್ತಿತ್ತು. ಯಾರು ಹಾಜರು, ಯಾರು ಆಸ್ಪತ್ರೆಯಲ್ಲಿ, ಯಾರು ಓಡಿಹೋದರು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಯುದ್ಧ ಮುಗಿದ ಮೇಲೆ ಒಬ್ಬನ ವಿವರ ಬೇಕೆಂದರೆ ಈ ಅಗಲವಾದ ಹಾಳೆಗಳನ್ನು ಮತ್ತೆ ಮತ್ತೆ ಬಿಚ್ಚಿ ಮಡಚಬೇಕಾಗುತ್ತಿತ್ತು. ಮಡಿಕೆಯಲ್ಲೇ ಕಾಗದ ಹರಿಯತೊಡಗಿತು. 1880ರ ದಶಕದ ಕೊನೆಯಲ್ಲಿ ಸೇನಾ ವೈದ್ಯ ಫ್ರೆಡ್ ಏನ್ಸ್‌ವರ್ತ್ ಇದಕ್ಕೊಂದು ದಾರಿ ಕಂಡುಕೊಂಡ. ಪ್ರತಿ ಪಟ್ಟಿಯಲ್ಲೂ ಒಬ್ಬನ ಹೆಸರು ಬಂದಲ್ಲೆಲ್ಲ ಒಂದೊಂದು ಕಾರ್ಡು ಬರೆದು, ಆ ಕಾರ್ಡುಗಳನ್ನೆಲ್ಲ ಅವನ ಹೆಸರಿನ ಒಂದೇ ಲಕೋಟೆಗೆ ಹಾಕುವುದು. ಇಂದು ‘ಸಂಕಲಿತ ಸೇವಾ ದಾಖಲೆ’ ಎಂದು ಕರೆಯುವುದು ಈ ಲಕೋಟೆಯನ್ನೇ. 1903ರಿಂದ ದಕ್ಷಿಣದ ಕಾನ್ಫೆಡರೇಟ್ ಸೈನಿಕರಿಗೂ ಇದೇ ಪದ್ಧತಿ ಅನ್ವಯಿಸಿತು. 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ಬಿಟ್ಟು ಓಡುವಾಗಲೂ ಕಾನ್ಫೆಡರೇಟ್ ಅಧಿಕಾರಿಗಳು ತಮ್ಮ ಸೇನಾ ಕಾಗದಗಳಲ್ಲಿ ಒಂದಷ್ಟನ್ನು ಜೊತೆಗೆ ಒಯ್ದಿದ್ದರು. ಅವು ಗೆದ್ದವರ ಕೈಸೇರಿ ವಾಷಿಂಗ್ಟನ್‌ಗೆ ಬಂದದ್ದರಿಂದಲೇ ಇದು ಸಾಧ್ಯವಾಯಿತು.

ಕಾರ್ಡು ಬರೆಯುವ ಗುಮಾಸ್ತರು ಕೂರುತ್ತಿದ್ದ ಕಟ್ಟಡಗಳಲ್ಲಿ ಒಂದು ಫೋರ್ಡ್ಸ್ ಥಿಯೇಟರ್, ಲಿಂಕನ್‌ಗೆ ಗುಂಡು ಬಿದ್ದ ಅದೇ ನಾಟಕಶಾಲೆ. ಸರ್ಕಾರ ಅದನ್ನು ಕೊಂಡು ಕಚೇರಿ ಮಾಡಿತ್ತು. 1893ರ ಜೂನ್ 9ರಂದು, ವಿದ್ಯುತ್ ಯಂತ್ರಕ್ಕಾಗಿ ನೆಲಮಾಳಿಗೆಯನ್ನು ಅಗೆಯುತ್ತಿದ್ದಾಗ ಕಂಬವೊಂದು ಕುಸಿದು ಮಹಡಿಗಳು ಒಂದರ ಮೇಲೊಂದು ಬಿದ್ದವು. 22 ಮಂದಿ ಸತ್ತರು. ಅಂತರ್ಯುದ್ಧದ ಸಾವುಗಳ ಲೆಕ್ಕದಲ್ಲಿ ಇವರನ್ನು ಯಾರೂ ಸೇರಿಸುವುದಿಲ್ಲ.

ಸೇವಾ ದಾಖಲೆ ಒಣ ಲೆಕ್ಕ. ಸೇರಿದಾಗಿನ ವಯಸ್ಸು, ಎತ್ತರ, ಕಣ್ಣಿನ ಬಣ್ಣ, ಹುಟ್ಟಿದ ಊರು, ಕಸುಬು ಇದ್ದರೆ ಅದೃಷ್ಟ. ಹೆಂಡತಿ ಮಕ್ಕಳ ಸುದ್ದಿ ಇರುವುದಿಲ್ಲ. ಮನೆಯ ಕಥೆ ಬೇಕಾದವರು ಪಿಂಚಣಿ ಕಡತಕ್ಕೆ ಹೋಗಬೇಕು. 1862ರ ಜುಲೈ ಕಾಯ್ದೆ ಗಾಯಾಳುಗಳಿಗೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ, ಮಗನನ್ನೇ ನಂಬಿದ್ದ ತಾಯಂದಿರಿಗೆ ಪಿಂಚಣಿ ಕೊಟ್ಟಿತು. 1890ರ ಕಾಯ್ದೆ ಯುದ್ಧಕ್ಕೆ ಸಂಬಂಧವಿಲ್ಲದ ಅಂಗವೈಕಲ್ಯಕ್ಕೂ ಅದನ್ನು ವಿಸ್ತರಿಸಿತು. 1893ರ ಹೊತ್ತಿಗೆ ಕೇಂದ್ರ ಸರ್ಕಾರದ ವೆಚ್ಚದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಪಿಂಚಣಿಗೇ ಹೋಗುತ್ತಿತ್ತು. ಹಣ ಇಷ್ಟು ಸುರಿಯುವಾಗ ತನಿಖೆಯೂ ಬಿಗಿಯಾಗಿತ್ತು. ಮದುವೆಯ ಪುರಾವೆಗೆಂದು ಮನೆಯ ಬೈಬಲ್ಲಿನಿಂದ ಹರಿದ ಹಾಳೆ, ಮಗ ದುಡ್ಡು ಕಳಿಸುತ್ತಿದ್ದ ಎಂದು ತೋರಿಸಲು ತಾಯಿ ಲಗತ್ತಿಸಿದ ಅವನದೇ ಪತ್ರ ಇವೆಲ್ಲ ಕಡತದೊಳಗೇ ಉಳಿದುಬಿಟ್ಟಿವೆ. ಕೊಟ್ಟವರ ಕೈಗೆ ಅವು ಮರಳಲಿಲ್ಲ. 1898ರ ಜನವರಿಯಲ್ಲಿ ಪಿಂಚಣಿ ಕಚೇರಿ ಎಲ್ಲ ಪಿಂಚಣಿದಾರರಿಗೂ ಒಂದು ನಮೂನೆ ಕಳಿಸಿ, ಹೆಂಡತಿಯ ತವರಿನ ಹೆಸರು, ಮದುವೆ ಎಲ್ಲಿ, ಮಾಡಿಸಿದವರು ಯಾರು, ಬದುಕಿರುವ ಮಕ್ಕಳು ಯಾರು ಎಂದು ಕೇಳಿತು. ಆ ಒಂದು ಹಾಳೆ ಸಿಕ್ಕರೆ ಶೋಧಕರಿಗೆ ಹಬ್ಬ.

ಕಪ್ಪು ಸೈನಿಕರ ವಂಶಸ್ಥರಿಗಂತೂ ಇವು ಬೇರೆಲ್ಲೂ ಸಿಗದ ದಾಖಲೆಗಳು. ಒಕ್ಕೂಟದ ಭೂಸೇನೆಯಲ್ಲಿ ಸುಮಾರು 1,79,000 ಕಪ್ಪು ಜನರಿದ್ದರು; ಅವರಲ್ಲಿ ಬಹುಪಾಲು ಗುಲಾಮರಾಗಿದ್ದವರು. 1870ಕ್ಕೆ ಮುಂಚಿನ ಜನಗಣತಿಗಳು ಗುಲಾಮರನ್ನು ಹೆಸರು ಹಿಡಿದು ಬರೆಯಲೇ ಇಲ್ಲ. ಅವರ ಮದುವೆಗಳಿಗೆ ಕಾನೂನಿನ ಮಾನ್ಯತೆಯಿರಲಿಲ್ಲ, ಹುಟ್ಟಿದ ದಿನ ಗೊತ್ತಿರಲಿಲ್ಲ, ಹೆಸರೂ ಬದಲಾಗಿರುತ್ತಿತ್ತು. ಹಾಗಾಗಿ ವಿಶೇಷ ತನಿಖಾಧಿಕಾರಿಗಳು ಊರಿಗೇ ಹೋಗಿ ನೆರೆಯವರ, ಜೊತೆಗೆ ದುಡಿದವರ, ಕೆಲವೊಮ್ಮೆ ಹಳೆಯ ಒಡೆಯನ ಹೇಳಿಕೆಯನ್ನೂ ಬರೆದುಕೊಂಡರು. ಗುಲಾಮರನ್ನು ದಾರಿ ತಪ್ಪದೆ ಬಿಡುಗಡೆಗೆ ಕರೆತಂದ ಹ್ಯಾರಿಯೆಟ್ ಟಬ್ಮನ್‌ಗೂ ಈ ಪಾಡು ತಪ್ಪಲಿಲ್ಲ. ಗಂಡ ನೆಲ್ಸನ್ ಡೇವಿಸ್ ಸೇನೆಯಲ್ಲಿ ನೆಲ್ಸನ್ ಚಾರ್ಲ್ಸ್ ಎಂಬ ಹೆಸರಿನಲ್ಲಿದ್ದ. ಇಬ್ಬರೂ ಒಬ್ಬನೇ ಎಂದು ರುಜುವಾತು ಮಾಡಿ ತಿಂಗಳಿಗೆ 8 ಡಾಲರ್ ಪಿಂಚಣಿ ಪಡೆಯುವಷ್ಟರಲ್ಲಿ 1895 ಬಂದಿತ್ತು. ಯುದ್ಧದಲ್ಲಿ ಸ್ವತಃ ದಾದಿಯಾಗಿ, ಬೇಹುಗಾರ್ತಿಯಾಗಿ ದುಡಿದಾಕೆಗೆ ಹಣ ಮೊದಲು ಸಿಕ್ಕಿದ್ದು ವಿಧವೆಯೆಂಬ ಲೆಕ್ಕದಲ್ಲಿ.

ದಕ್ಷಿಣದವರ ಕಥೆ ಬೇರೆ. ಸೋತವರಿಗೆ ಆಗ ಕೇಂದ್ರ ಪಿಂಚಣಿ ಕೊಡಲಿಲ್ಲ. ಆಯಾ ರಾಜ್ಯಗಳೇ ಮುಂದೆ ಅಷ್ಟಿಷ್ಟು ಕೊಟ್ಟವು. ಹಾಗಾಗಿ ಈ ಕಡತಗಳಿರುವುದು ರಾಜ್ಯಗಳ ಪತ್ರಾಗಾರಗಳಲ್ಲಿ. ಅದೂ ಸೈನಿಕ ಸೇವೆ ಸಲ್ಲಿಸಿದ ರಾಜ್ಯದಲ್ಲಲ್ಲ, ಮುಪ್ಪಿನಲ್ಲಿ ನೆಲೆಸಿ ಅರ್ಜಿ ಹಾಕಿದ ರಾಜ್ಯದಲ್ಲಿ. ವರ್ಜೀನಿಯಾದ ಸೈನಿಕನ ಕಡತ ಟೆಕ್ಸಾಸಿನಲ್ಲಿ ಸಿಗಬಹುದು. ಹೊಸದಾಗಿ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಹುಡುಕಾಟ ಹವ್ಯಾಸವಾಗಿ ಬೆಳೆದದ್ದರ ಹಿಂದೆ ಪ್ರತಿಷ್ಠೆಯೂ ಇದೆ. 1894ರಲ್ಲಿ ಹುಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರೆಸಿ’ಯಂಥ ಸಂಘಗಳಿಗೆ ಸೇರಬೇಕಾದರೆ ಪೂರ್ವಿಕನ ಸೇವೆಯ ಪುರಾವೆ ಬೇಕಿತ್ತು. 1934ರಲ್ಲಿ ರಾಷ್ಟ್ರೀಯ ಪತ್ರಾಗಾರ ಸ್ಥಾಪನೆಯಾಗಿ, ಯುದ್ಧ ಇಲಾಖೆಯ ಲಕೋಟೆಗಳು ಕ್ರಮೇಣ ಅಲ್ಲಿಗೆ ಸೇರಿದವು. ಮೈಕ್ರೋಫಿಲ್ಮ್ ಬಂದ ಮೇಲೆ ಸೂಚಿಗಳು ಊರೂರಿನ ಗ್ರಂಥಾಲಯಗಳಿಗೆ ಹರಡಿದವು. ಅಲೆಕ್ಸ್ ಹೇಲಿಯ ‘ರೂಟ್ಸ್’ (1976) ಕಪ್ಪು ಕುಟುಂಬಗಳಲ್ಲಿ ಈ ಆಸಕ್ತಿಗೆ ದೊಡ್ಡ ನೂಕು ಕೊಟ್ಟಿತು. ಆಮೇಲೆ ಸ್ವಯಂಸೇವಕರು ಸೂಚಿ ಕಾರ್ಡುಗಳನ್ನು ಬೆರಳಚ್ಚು ಮಾಡಿಕೊಟ್ಟದ್ದರಿಂದ ರಾಷ್ಟ್ರೀಯ ಉದ್ಯಾನ ಸೇವೆಯ ಅಂತರ್ಜಾಲ ಸೂಚಿಯಲ್ಲಿ ಸುಮಾರು 63 ಲಕ್ಷ ಹೆಸರುಗಳು ಸೇರಿದವು. ಹೋರಾಡಿದವರು ಅದರ ಅರ್ಧದಷ್ಟೇ. ಒಬ್ಬನೇ ಎರಡು ಮೂರು ರೆಜಿಮೆಂಟುಗಳಲ್ಲಿ ಇದ್ದದ್ದು, ಗುಮಾಸ್ತರು ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದದ್ದು ಇದಕ್ಕೆ ಕಾರಣ. ಹಾಗಾಗಿ ಹೆಸರೊಂದನ್ನೇ ನೆಚ್ಚದೆ ರಾಜ್ಯ, ರೆಜಿಮೆಂಟು, ಕಂಪನಿ ಮೂರನ್ನೂ ತಾಳೆ ನೋಡಬೇಕು.

1890ರ ಜನಗಣತಿಯ ಬಹುಭಾಗ 1921ರ ಬೆಂಕಿ ಅನಾಹುತದಲ್ಲಿ ಹಾಳಾಯಿತಾದರೂ, ಒಕ್ಕೂಟದ ಮಾಜಿ ಸೈನಿಕರ ಮತ್ತು ವಿಧವೆಯರ ಪ್ರತ್ಯೇಕ ಪಟ್ಟಿ ಅಕಾರಾದಿಯಲ್ಲಿ ಕೆಂಟಕಿಯಿಂದ ಮುಂದಿನ ರಾಜ್ಯಗಳಿಗೆ ಉಳಿದಿದೆ. ಸೇವಾ ದಾಖಲೆಗಳಲ್ಲಿ ಬಹಳಷ್ಟು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಪಿಂಚಣಿ ಕಡತಗಳ ಸೂಚಿಯೂ ಸಿಗುತ್ತದೆ; ಕಡತಗಳು ಮಾತ್ರ ಬಹುಪಾಲು ಕಾಗದದಲ್ಲೇ ಇವೆ. ಅವನ್ನು ನೋಡಲು ಹಣ ಕಟ್ಟಿ ಪ್ರತಿ ತರಿಸಬೇಕು, ಇಲ್ಲವೇ ವಾಷಿಂಗ್ಟನ್ನಿನ ಪತ್ರಾಗಾರದ ವಾಚನಾಲಯದಲ್ಲಿ ಕೂತು ಹಾಳೆ ತಿರುವಬೇಕು. ಈ ಯುದ್ಧದ ಕೊನೆಯ ಪಿಂಚಣಿ, ತಿಂಗಳಿಗೆ 73.13 ಡಾಲರ್, ಸೈನಿಕರೊಬ್ಬರ ಮಗಳಿಗೆ 2020ರವರೆಗೂ ಸಂದಾಯವಾಯಿತು.