ತಾರೀಖು ಹಾಕಿದ ನೋವು: ಎಂಎಸ್ ರೋಗಿಗಳ ಸ್ವಂತ ಬರಹಗಳ ಕುರಿತು ಒಂದು ಟಿಪ್ಪಣಿ

1822ರ ಡಿಸೆಂಬರಿನಲ್ಲಿ ಅಗಸ್ಟಸ್ ಡೆಸ್ಟೆ ಎಂಬ ಇಪ್ಪತ್ತೆಂಟರ ಇಂಗ್ಲಿಷ್ ಯುವಕ ಸ್ಕಾಟ್ಲೆಂಡಿನ ಬೆಟ್ಟಸೀಮೆಗೆ ಹೋದ. ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬರನ್ನು ಕಾಣಬೇಕಿತ್ತು. ಅವನು ತಲುಪುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಅಂತ್ಯಕ್ರಿಯೆ ಮುಗಿದ ಸ್ವಲ್ಪ ಹೊತ್ತಿನಲ್ಲೇ ಅವನ ಕಣ್ಣು ಮಂಜಾಯಿತು. ಬಂದ ಪತ್ರಗಳನ್ನು ಬೇರೆಯವರು ಓದಿ ಹೇಳಬೇಕಾಯಿತು, ಉತ್ತರವನ್ನೂ ಅವರೇ ಬರೆಯಬೇಕಾಯಿತು. ಕೆಲ ಕಾಲದ ನಂತರ, ಯಾವ ಔಷಧವೂ ಇಲ್ಲದೆ, ದೃಷ್ಟಿ ಮರಳಿತು. ಡೆಸ್ಟೆ ಇದನ್ನೆಲ್ಲ ತನ್ನ ದಿನಚರಿಯಲ್ಲಿ ಬರೆದಿಟ್ಟ. ಅವನು ಮೂರನೇ ಜಾರ್ಜ್ ದೊರೆಯ ಮೊಮ್ಮಗ. ತಂದೆತಾಯಿಯರ ಮದುವೆಯನ್ನು ಕಾನೂನು ಒಪ್ಪದಿದ್ದುದರಿಂದ ರಾಜಮನೆತನದ ಹಕ್ಕುಗಳಿಂದ ಹೊರಗುಳಿದವನು.

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ರೋಗಿಯೊಬ್ಬರು ತಾವೇ ಬರೆದ, ನಂಬಿಕೆಗೆ ಅರ್ಹವಾದ ಮೊದಲ ದಾಖಲೆಯೆಂದು ಇಂದು ಈ ದಿನಚರಿಯನ್ನು ಗುರುತಿಸುತ್ತಾರೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರತಜ್ಞ ಶಾರ್ಕೊ ಈ ಕಾಯಿಲೆಯನ್ನು ಪ್ರತ್ಯೇಕ ರೋಗವೆಂದು ವಿವರಿಸಿದ್ದು 1868ರಲ್ಲಿ. ಡೆಸ್ಟೆ ಸತ್ತು ಆಗಲೇ ಇಪ್ಪತ್ತು ವರ್ಷವಾಗಿತ್ತು. ತನಗೇನಾಗಿದೆ ಎಂದು ತಿಳಿಯದೆಯೇ ಅವನು ಸುಮಾರು ಕಾಲು ಶತಮಾನ ಬರೆದ. 1827ರಲ್ಲಿ ಫ್ಲಾರೆನ್ಸಿನಲ್ಲಿದ್ದಾಗ ವಸ್ತುಗಳು ಎರಡೆರಡಾಗಿ ಕಾಣತೊಡಗಿದವು. ಪಿತ್ತದ ದೋಷವೆಂದು ವೈದ್ಯರು ಹಣೆಯ ಪಕ್ಕಕ್ಕೆ ಜಿಗಣೆ ಹಚ್ಚಿಸಿದರು. ಆಮೇಲೆ ಕಾಲುಗಳ ಬಲ ಹೋಯಿತು. ಆಗ ಬಂದ ಇನ್ನೊಬ್ಬ ವೈದ್ಯರು ಚಿಕಿತ್ಸೆಯನ್ನೇ ತಿರುವುಹಾಕಿ ದಿನಕ್ಕೆರಡು ಸಲ ಮಾಂಸ, ಜೊತೆಗೆ ವೈನ್, ಬ್ರಷ್ಷಿನಿಂದ ಮೈ ತಿಕ್ಕಿಸುವುದು ಎಂದು ವಿಧಿಸಿದರು. ಬಲ ಮರಳಿತು. ಮರಳಿದ್ದು ಚಿಕಿತ್ಸೆಯಿಂದ ಎಂದು ಡೆಸ್ಟೆ ನಂಬಿದ್ದರೆ ಆಶ್ಚರ್ಯವಿಲ್ಲ. ತಾನಾಗಿಯೇ ಇಳಿಯುವ ಕಾಯಿಲೆಯಲ್ಲಿ ಯಾವ ಕಷಾಯಕ್ಕೂ ಹೆಸರು ಬಂದೀತು. ಇಂದು ಎಂಎಸ್ ಗುಣಪಡಿಸುತ್ತೇವೆನ್ನುವ ಜಾಹೀರಾತುಗಳನ್ನು ಓದುವವರು ಈ ಪುಟಗಳನ್ನು ನೆನೆಯುವುದು ಒಳ್ಳೆಯದು.

ಮಿದುಳು, ಬೆನ್ನುಹುರಿ, ಕಣ್ಣಿನ ನರ, ಇವುಗಳ ತಂತುಗಳಿಗೆ ಮಯಲಿನ್ ಎಂಬ ಕವಚವಿರುತ್ತದೆ. ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಆ ಕವಚವನ್ನು ಅಲ್ಲಲ್ಲಿ ಕೆಡಿಸುತ್ತದೆ. ಕೆಟ್ಟ ಜಾಗ ಯಾವುದೋ ತೊಂದರೆಯೂ ಅದರದೇ: ಒಮ್ಮೆ ಕಣ್ಣು, ಒಮ್ಮೆ ಕೈಯ ಜೋಮು, ಒಮ್ಮೆ ಮೂತ್ರದ ಹಿಡಿತ. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಹಾನಿಯಾಗಿದೆ ಎಂದು ತೋರಿಸುವುದೇ ರೋಗನಿರ್ಣಯದ ಬುನಾದಿ. ಎಂಆರ್‌ಐ ಬಂದ ಮೇಲೆ 2001ರಲ್ಲಿ ರೂಪುಗೊಂಡ ಮ್ಯಾಕ್‌ಡೊನಾಲ್ಡ್ ಮಾನದಂಡಗಳಲ್ಲೂ ಈ ಬುನಾದಿ ಉಳಿದಿದೆ. ನನ್ನ ವಾದ ನಿಂತಿರುವುದು ಇಲ್ಲಿಯೇ. ಅಟ್ಯಾಕ್, ಎಂದರೆ ಲಕ್ಷಣಗಳು ಒಮ್ಮೆಗೇ ಮೂಡುವ ಸರದಿ, ಬಂದು ಹೋದ ಮೇಲೆಯೇ ಎಷ್ಟೋ ರೋಗಿಗಳು ನರತಜ್ಞರ ಎದುರು ಕೂರುತ್ತಾರೆ. ಮೂರು ವರ್ಷದ ಹಿಂದೆ ಎಡಗಣ್ಣು ಹೊರಳಿಸಿದರೆ ನೋಯುತ್ತಿತ್ತು, ಕೆಂಪು ಬಣ್ಣ ಮಾಸಿದಂತೆ ಕಾಣುತ್ತಿತ್ತು ಎಂದು ಹೇಳಬಲ್ಲವರು ಅವರೊಬ್ಬರೇ. ಹಾಗಾಗಿ ಈ ಕಾಯಿಲೆಯಲ್ಲಿ ರೋಗಿಯ ಮಾತು ವೈದ್ಯಕೀಯಕ್ಕೆ ಅಂಟಿಸಿದ ಭಾವುಕ ಅನುಬಂಧವಲ್ಲ, ಸಾಕ್ಷ್ಯವೇ ಅದು. ಡೆಸ್ಟೆಯ ಬರಹವನ್ನು ಡಗ್ಲಸ್ ಫರ್ತ್ 1940ರ ದಶಕದಲ್ಲಿ ಪ್ರಕಟಿಸಿದಾಗ, ನೂರು ವರ್ಷದ ಹಿಂದೆ ಸತ್ತವನ ರೋಗವನ್ನು ವೈದ್ಯರು ಗುರುತಿಸಬಲ್ಲವರಾದದ್ದು ಅವನು ತಾರೀಖು ಹಾಕಿದ್ದರಿಂದ.

ಎರಡನೆಯ ಪಠ್ಯ ಇನ್ನೂ ಕಠಿಣವಾದದ್ದು. ಬ್ರೂಸ್ ಫ್ರೆಡರಿಕ್ ಕಮಿಂಗ್ಸ್ ಲಂಡನ್ನಿನ ನಿಸರ್ಗ ವಸ್ತುಸಂಗ್ರಹಾಲಯದಲ್ಲಿ ಕೀಟಗಳನ್ನು ಅಭ್ಯಾಸ ಮಾಡುತ್ತಿದ್ದವರು. ಬಾರ್ಬೆಲಿಯನ್ ಎಂಬ ಕಾವ್ಯನಾಮದಲ್ಲಿ 1919ರಲ್ಲಿ ‘ದಿ ಜರ್ನಲ್ ಆಫ್ ಎ ಡಿಸಪಾಯಿಂಟೆಡ್ ಮ್ಯಾನ್’ ಪ್ರಕಟಿಸಿದರು. ಮುನ್ನುಡಿ ಎಚ್.ಜಿ. ವೆಲ್ಸ್ ಅವರದು. 1915ರ ನವೆಂಬರಿನಲ್ಲಿ ಸೈನ್ಯದ ದೇಹಪರೀಕ್ಷೆಗೆ ಹೋಗುವಾಗ ಅವರ ಕೈಯಲ್ಲಿ ತಮ್ಮ ವೈದ್ಯರು ಬರೆದ ಮುಚ್ಚಿದ ಪತ್ರವಿತ್ತು. ಅಲ್ಲಿನ ಅಧಿಕಾರಿ ಪತ್ರವನ್ನು ಕೇಳದೆಯೇ ಅವರನ್ನು ತಿರಸ್ಕರಿಸಿದರು. ಮರಳುವಾಗ ರೈಲಿನಲ್ಲಿ ಕುತೂಹಲಕ್ಕೆ ಲಕೋಟೆ ಒಡೆದರು. ತಮ್ಮ ರೋಗದ ಹೆಸರನ್ನು ಅವರು ಮೊದಲು ಓದಿದ್ದು ಹಾಗೆ. ಮದುವೆಯಾಗಿ ಎರಡೇ ತಿಂಗಳಾಗಿತ್ತು. ಹೆಂಡತಿಗೆ ಈ ವಿಷಯ ಮದುವೆಗೆ ಮುಂಚೆಯೇ ಗೊತ್ತಿತ್ತು, ಗೊತ್ತಿದ್ದೂ ಮದುವೆಯಾಗಿದ್ದರು ಎಂಬುದು ಅವರಿಗೆ ತಿಳಿದದ್ದು ಇನ್ನಷ್ಟು ತಡವಾಗಿ. ರೋಗಿಯೊಬ್ಬನಿಗೆ ಬಿಟ್ಟು ಸುತ್ತಲಿನವರಿಗೆಲ್ಲ ಸತ್ಯ ಗೊತ್ತಿರುವ ಈ ಏರ್ಪಾಟು ಕನ್ನಡದ ಮನೆಗಳಿಗೂ ಹೊಸದಲ್ಲ. ಅದು ಕರುಣೆಯಿಂದಲೇ ಹುಟ್ಟಿದ್ದಿರಬಹುದು. ಆದರೂ ತನ್ನ ದೇಹದ ಸುದ್ದಿ ತನಗೇ ಕೊನೆಗೆ ತಲುಪುವುದು ಎಂಥ ಅನ್ಯಾಯ ಎಂಬುದನ್ನು ಈ ಪುಟಗಳಷ್ಟು ಸ್ಪಷ್ಟವಾಗಿ ಹೇಳಿದ ಬೇರೆ ಬರಹವನ್ನು ನಾನು ಓದಿಲ್ಲ.

ಆ ಪುಸ್ತಕದ ಕೊನೆಯ ಸಾಲಿನ ಪ್ರಕಾರ ಲೇಖಕರು 1917ರ ಡಿಸೆಂಬರ್ 31ರಂದು ಸತ್ತರು. ವಾಸ್ತವದಲ್ಲಿ ಅವರು 1919ರ ಅಕ್ಟೋಬರ್‌ವರೆಗೆ ಬದುಕಿದ್ದರು, ಪುಸ್ತಕ ಅಚ್ಚಾದದ್ದನ್ನು ಕಂಡರು, ಅದಕ್ಕೆ ಬಂದ ವಿಮರ್ಶೆಗಳನ್ನು ಓದಿದರು. ಉಳಿದ ದಿನಗಳ ಬರಹ ‘ಎ ಲಾಸ್ಟ್ ಡೈರಿ’ ಎಂದು 1920ರಲ್ಲಿ ಹೊರಬಂತು. ಹಾಗೆಂದರೆ ಸ್ವಂತ ಅನುಭವದ ಕಥನಕ್ಕೂ ಕಟ್ಟಿದ ಕೊನೆ ಇರಬಹುದು. ಓದುವವರು ಅದನ್ನು ರೋಗದ ಕೊನೆಯೆಂದು ಭಾವಿಸಬಾರದು.

ಹೊಸದಾಗಿ ಎಂಎಸ್ ಇದೆಯೆಂದು ತಿಳಿದವರು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನವರು, ಅವರಲ್ಲಿ ಹೆಂಗಸರೇ ಹೆಚ್ಚು. ತಮ್ಮಂಥವರು ಬರೆದದ್ದನ್ನು ಅವರು ಹುಡುಕಿ ಓದುವುದು ಸಹಜ. ಅವರಿಗೆ ನನ್ನ ಒಂದೇ ಕೋರಿಕೆ: ಬರಹ ಯಾವ ವರ್ಷದ್ದು ಎಂದು ಮೊದಲು ನೋಡಿ. ರೋಗದ ಗತಿಯನ್ನೇ ತಗ್ಗಿಸುವ ಮೊದಲ ಔಷಧಕ್ಕೆ, ಇಂಟರ್‌ಫೆರಾನ್ ಬೀಟಾಕ್ಕೆ, ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 1993ರಲ್ಲಿ. ಆರಂಭದಿಂದಲೇ ಏರುತ್ತ ಹೋಗುವ ಬಗೆಯ ಎಂಎಸ್‌ಗೆ ಮೊದಲ ಔಷಧವಾದ ಓಕ್ರೆಲಿಜುಮ್ಯಾಬ್ ಅಲ್ಲಿ ಬಂದದ್ದು 2017ರಲ್ಲಿ. ಇವು ಗುಣಪಡಿಸುವುದಿಲ್ಲ, ಬೆಲೆಯೂ ಬಹಳ. ಆದರೆ ಡೆಸ್ಟೆ, ಬಾರ್ಬೆಲಿಯನ್ ಬರೆದದ್ದು ಔಷಧವೇ ಇಲ್ಲದ ಕಾಲದ ರೋಗವನ್ನು. ಅವರ ನಿಖರತೆಯನ್ನು ನಾವು ಪಡೆಯಬಹುದು, ಅವರ ಗತಿಯನ್ನು ನಮ್ಮದೆಂದು ಪಡೆಯಬೇಕಿಲ್ಲ. ಭರವಸೆಯ ಮಾತನ್ನು ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ, ಮತ್ತು ಇಷ್ಟು ಸಣ್ಣದೇನಲ್ಲ ಎಂದು ನಂಬುತ್ತೇನೆ.

ಎರಡೂ ದಿನಚರಿಗಳು ತಂಪು ನಾಡಿನವು, ಬರೆಯಲು ಬಿಡುವಿದ್ದ ಗಂಡಸರವು. ಡೆಸ್ಟೆಗೆ ಎತ್ತಿ ಕೂರಿಸಲು ಸೇವಕನಿದ್ದ. ನಮ್ಮ ಸೀಮೆಯ ಬರಹಗಳಲ್ಲಿ ಬೇರೆ ಸಂಗತಿಗಳು ಮುಂದೆ ಬರುತ್ತವೆ, ಅದರಲ್ಲೂ ಸೆಕೆ. ಮೈ ಬಿಸಿಯಾದರೆ ಕವಚ ಕಳೆದುಕೊಂಡ ನರದಲ್ಲಿ ಸಂದೇಶ ಸಾಗುವುದಕ್ಕೆ ತಡೆಯಾಗುತ್ತದೆ. ಮೈ ಬಿಸಿಯೇರಿಸುವ ದೇಹಶ್ರಮದಿಂದ ದೃಷ್ಟಿ ಮಂಜಾಗುವುದನ್ನು ಜರ್ಮನ್ ನೇತ್ರವೈದ್ಯ ಊಟ್‌ಹೋಫ್ 1890ರಲ್ಲೇ ದಾಖಲಿಸಿದ್ದರು. ಎಂಆರ್‌ಐಗೆ ಮುಂಚೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ ಕಾಲವೂ ಇತ್ತು. ಏಪ್ರಿಲ್ ತಿಂಗಳ ಮಂಗಳೂರಿನಲ್ಲೋ ರಾಯಚೂರಿನಲ್ಲೋ ಅಡುಗೆಮನೆಯ ಒಲೆಯ ಮುಂದೆ ನಿಂತ ಹೆಣ್ಣುಮಗಳಿಗೆ ಆ ಪರೀಕ್ಷೆ ದಿನವೂ ನಡೆಯುತ್ತದೆ. ತಣ್ಣಗಾದರೆ ಸರಿಹೋಗುವ ಈ ಏರುಪೇರನ್ನು ಹೊಸ ಅಟ್ಯಾಕ್ ಎಂದು ಹೆದರುವವರಿದ್ದಾರೆ, ನಿಜವಾದ ಅಟ್ಯಾಕನ್ನು ಸೆಕೆಯ ಸುಸ್ತೆಂದು ಬಿಡುವವರೂ ಇದ್ದಾರೆ. ಒಂದು ದಿನಕ್ಕಿಂತ ಹೆಚ್ಚು ಬಿಡದೆ ಉಳಿಯಿತೇ, ಜ್ವರವಿತ್ತೇ ಎಂಬ ಎರಡು ಪ್ರಶ್ನೆಗಳಿಗೆ ದಿನಚರಿಯಲ್ಲಿ ಉತ್ತರವಿದ್ದರೆ ವೈದ್ಯರ ಅರ್ಧ ಕೆಲಸ ಆಗಿರುತ್ತದೆ.

‘ನೋಡೋಕೆ ಚೆನ್ನಾಗೇ ಇದ್ದೀರಲ್ಲ’ ಎನ್ನುವ ಮಾತು ರೋಗಿಗಳನ್ನು ಎಷ್ಟು ಕುಗ್ಗಿಸುತ್ತದೆಂದು ಬಲ್ಲವರೇ ಬಲ್ಲರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ. ಆದರೆ ಪ್ರಮಾಣಪತ್ರ ಕೇಳಲು ಹೋದ ದಿನ ಕಾಲು ಚೆನ್ನಾಗಿ ನಡೆದುಬಿಟ್ಟರೆ, ಕೆಟ್ಟ ದಿನಗಳ ಲೆಕ್ಕ ಕೊಡುವುದು ಯಾರು? ಕನ್ನಡದಲ್ಲಿ ಎಂಎಸ್ ಅನುಭವವನ್ನು ಸಂಗ್ರಹಿಸುವವರು ಮೊದಲು ಕೇಳಬೇಕಾದದ್ದು ಸ್ಫೂರ್ತಿಯ ಕಥೆಯನ್ನಲ್ಲ. ತಿಂಗಳು, ಋತು, ಯಾವ ಕಣ್ಣು, ಯಾವ ಕೈ, ಎಷ್ಟು ದಿನ, ಮನೆಯಲ್ಲಿ ಯಾರಿಗೆ ಮೊದಲು ಹೇಳಿದಿರಿ, ಇವುಗಳನ್ನು.