ಟೊಂಕದೊಳಗಿನ ಮೂರೆಳೆ ಹಗ್ಗ

ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆ ಕಬ್ಬಿನ ಸೀಸನ್ ಬಂತು ಅಂದ್ರೆ ಹೊರೆ ಹೊತ್ತವರ ಬಾಯಲ್ಲಿ ಒಂದೇ ಮಾತು: "ಟೊಂಕ ಹಿಡದೈತ್ರಿ." ಅದೇ ಟೊಂಕದ ಹೆಸರಲ್ಲಿ ಈಗ ಮೊಬೈಲ್‌ನಲ್ಲಿ ಕೊಲಾಜೆನ್ ಪುಡಿಯ ಜಾಹೀರಾತು ಓಡ್ತಿದೆ. ಕೊಲಾಜೆನ್ ಅಂದ್ರೆ ಏನು? ಅದರ ಆಕಾರ ಮೊದಲು ಕಂಡಿದ್ದು ಯಾರಿಗೆ? ಆ ಕಥೆ ನಮ್ಮ ದೇಶದ್ದೇ.

ಕೊಲಾಜೆನ್ ಒಂದು ಪ್ರೋಟೀನ್. ಚರ್ಮ, ಎಲುಬು, ಬೆನ್ನುಮೂಳೆಯ ಡಿಸ್ಕ್, ಎಲ್ಲದರಲ್ಲೂ ಇದೆ. ನಮ್ಮ ಕಾಲಲ್ಲಿರೋ ತೊಗಲಿನ ಚಪ್ಪಲಿಯೂ ಹೆಚ್ಚಾಗಿ ಅದರದ್ದೇ. ಆದರೆ ಅದರೊಳಗಿನ ಕಟ್ಟು ಹೇಗಿದೆ ಅನ್ನೋದು 1950ರ ಹೊತ್ತಿಗೂ ಬಗೆಹರಿದಿರಲಿಲ್ಲ.

ಎರ್ನಾಕುಲಂನಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ. ವಿ. ರಾಮನ್ ಅವರ ಶಿಷ್ಯರಾದರು. ಮುಂದೆ ಮದ್ರಾಸ್ ವಿಶ್ವವಿದ್ಯಾಲಯ ಸೇರಿ, ಗೋಪಿನಾಥ್ ಕರ್ತಾ ಜೊತೆ ಎಕ್ಸ್-ರೇ ಚಿತ್ರಗಳನ್ನು ಓದಿ, 1954ರಲ್ಲಿ ಹೇಳಿದರು: ಕೊಲಾಜೆನ್ ಮೂರೆಳೆಯದ್ದು. 1955ರಲ್ಲಿ ಅದನ್ನೇ ತಿದ್ದಿ, ಆ ಮೂರೂ ಎಳೆ ಒಂದನ್ನೊಂದು ಸುತ್ತಿ ಹೊಸೆದುಕೊಂಡಿವೆ ಎಂದರು.

ಹಗ್ಗ ಹೊಸೆಯೋದು ನೋಡಿದವರಿಗೆ ಇದು ಥಟ್ಟನೆ ತಿಳೀತದೆ. ಎಳೆಯ ಹುರಿ ಒಂದು ಕಡೆ, ಹಗ್ಗದ ಹುರಿ ಇನ್ನೊಂದು ಕಡೆ. ಹಾಗಿದ್ದರೇ ಬಿಚ್ಚಿಕೊಳ್ಳಲ್ಲ. ಕೊಲಾಜೆನ್ನಿನ ಎಳೆ ಎಡಕ್ಕೆ, ಹಗ್ಗ ಬಲಕ್ಕೆ!

ಇಂಗ್ಲೆಂಡಿನಲ್ಲಿ ಕ್ರಿಕ್ ಮತ್ತು ರಿಚ್ ತಕರಾರು ತೆಗೆದರು: ಈ ಮಾದರಿಯಲ್ಲಿ ಅಣುಗಳೊಳಗಿನ ಪರಮಾಣುಗಳು ತೀರಾ ಹತ್ತಿರ ಬಂದಿವೆ. ಆಗ ರಾಮಚಂದ್ರನ್, "ಪರಮಾಣುಗಳು ಎಷ್ಟು ಹತ್ತಿರ ಬರಬಹುದು?" ಅನ್ನೋದನ್ನೇ ಲೆಕ್ಕಕ್ಕೆ ತಗೊಂಡರು. 1963ರಲ್ಲಿ ಹುಟ್ಟಿದ 'ರಾಮಚಂದ್ರನ್ ನಕ್ಷೆ'ಯನ್ನು ಪ್ರೋಟೀನ್ ಆಕಾರ ಪರೀಕ್ಷಿಸಲು ಜಗತ್ತು ಇಂದಿಗೂ ಬಳಸ್ತದೆ. ಮುಂದೆ ಅವರು ಬೆಂಗಳೂರಿಗೇ ಮರಳಿ ಆಣ್ವಿಕ ಜೀವಭೌತ ವಿಭಾಗ ಕಟ್ಟಿದರು.

ಇನ್ನು ಟೊಂಕಕ್ಕೆ ಬರೋಣ. ಬೆನ್ನುಮೂಳೆಯಲ್ಲಿ 23 ಡಿಸ್ಕ್. ಪ್ರತಿಯೊಂದರ ಹೊರ ಉಂಗುರದಲ್ಲಿ ಕೊಲಾಜೆನ್ ಪದರಗಳು, ಒಂದು ಪದರ ಈ ಕಡೆ ಓರೆ, ಮುಂದಿನದು ಆ ಕಡೆ ಓರೆ. ಒಳಗೆ ನೀರು ತುಂಬಿದ ಮೆತ್ತನೆ ತಿರುಳು. ಬಗ್ಗಿ, ತಿರುಗಿ ಭಾರ ಎತ್ತಿದಾಗ ಉಂಗುರಕ್ಕೆ ಪೆಟ್ಟು. ದೊಡ್ಡವರ ಡಿಸ್ಕ್‌ನೊಳಗೆ ರಕ್ತನಾಳಗಳೇ ಇಲ್ಲ ಅನ್ನಬಹುದು. ಪೋಷಣೆ ಪಕ್ಕದ ಎಲುಬಿನಿಂದ ನಿಧಾನಕ್ಕೆ ಸೋಸಿ ಬರಬೇಕು. ಅದಕ್ಕೇ ಹರಿದ ಉಂಗುರದ ರಿಪೇರಿ ಅಷ್ಟು ನಿಧಾನ.

ಹಾಗಾದ್ರೆ ಪುಡಿ? ಹೊಟ್ಟೆಗೆ ಹೋದ ಕೊಲಾಜೆನ್ ತುಂಡಾಗಿ ಜೀರ್ಣ ಆಗ್ತದೆ. ಇಡೀ ಹಗ್ಗ ಡಿಸ್ಕ್ ಹುಡುಕಿಕೊಂಡು ಹೋಗಲ್ಲ. ಹರಿದ ಡಿಸ್ಕ್ ಅದರಿಂದ ಕೂಡಿಕೊಳ್ಳುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ದೇಹ ತನ್ನ ಹಗ್ಗ ತಾನೇ ಹೊಸೀತದೆ. ಅದಕ್ಕೆ ಪ್ರೋಟೀನ್ ಬೇಕು, ವಿಟಮಿನ್ ಸಿ ಬೇಕು: ಬೇಳೆ, ಮೊಟ್ಟೆ, ಪೇರಲ, ನೆಲ್ಲಿಕಾಯಿ. ಬೀಡಿ, ಸಿಗರೇಟು ಬೇಡ. ಭಾರವನ್ನು ಮೈಗೆ ಹತ್ತಿರ ಹಿಡಿದು, ಮೊಣಕಾಲು ಬಗ್ಗಿಸಿ ಎತ್ರಿ. ಕಾಲು ಜೋಮು ಹಿಡಿದು ಬಲ ಕಡಿಮೆ ಆದರೆ, ಉಚ್ಚೆ ಹಿಡಿತ ತಪ್ಪಿದರೆ, ತಡ ಮಾಡದೆ ಡಾಕ್ಟರ್ ಹತ್ರ ಹೋಗ್ರಿ.